ಎಸ್‌ಬ್ಯರ್ಗ್‌ನಲ್ಲಿ ಒಲೆ ಬದಲಾಯಿತು: ಕಲ್ಲಿದ್ದಲು ಬಿಟ್ಟು ಸಮುದ್ರದಿಂದ ಬಿಸಿ ತೆಗೆದ ಒಂದು ಊರಿನ ಪ್ರಕರಣ

ಕಲ್ಲಿದ್ದಲು ಸ್ಥಾವರ ಮುಚ್ಚುತ್ತದೆ ಅಂದ ತಕ್ಷಣ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಕರೆಂಟ್‌ಗೆ ಏನು ಮಾಡೋದು? ಡೆನ್ಮಾರ್ಕ್‌ನ ಎಸ್‌ಬ್ಯರ್ಗ್‌ನಲ್ಲಿ ಆ ಚಿಂತೆ ಅಷ್ಟಾಗಿ ಇರಲಿಲ್ಲ. ಸುತ್ತಲೂ ಗಾಳಿಯಂತ್ರಗಳಿದ್ದವು. ಅವರ ತಲೆನೋವು ಬೇರೆ. ಜನವರಿಯಲ್ಲಿ ಮನೆ ಬೆಚ್ಚಗೆ ಇಡೋದು ಹೇಗೆ?

ಎಸ್‌ಬ್ಯರ್ಗ್ ಆ ದೇಶದ ಪಶ್ಚಿಮ ಕರಾವಳಿಯ ಬಂದರು. ಅಲ್ಲಿನವರು ಹೆಸರಿನ ಕೊನೆಯ ‘ಗ್’ ಅನ್ನು ನುಂಗಿಬಿಡುತ್ತಾರೆ. 1864ರ ಯುದ್ಧದಲ್ಲಿ ದಕ್ಷಿಣದ ಬಂದರುಗಳನ್ನು ಕಳೆದುಕೊಂಡ ಡೆನ್ಮಾರ್ಕ್, 1868ರಲ್ಲಿ ಕಾನೂನು ಮಾಡಿ ಇಲ್ಲಿ ಬಂದರು ಕಟ್ಟಲು ಹೊರಟಿತು. ಮೊದಲು ಮೀನು, ಆಮೇಲೆ ತೈಲ, ಈಗ ಸಮುದ್ರದ ಗಾಳಿಯಂತ್ರಗಳ ಸಾಗಣೆ. ಈ ಊರಿನ ಅನ್ನ ಯಾವತ್ತೂ ಸಮುದ್ರದಿಂದಲೇ ಬಂದಿದೆ. ಈಗ ಬಿಸಿಯೂ ಅಲ್ಲಿಂದಲೇ ಬರುತ್ತಿದೆ.

ಊರಿಗೆಲ್ಲ ಒಂದೇ ಒಲೆ

ಡಿಸ್ಟ್ರಿಕ್ಟ್ ಹೀಟಿಂಗ್ ಅಂದರೆ ಊರಿಗೆಲ್ಲ ಒಂದೇ ಒಲೆ. ಒಂದು ಕಡೆ ನೀರು ಕಾಯಿಸುತ್ತಾರೆ. ನೆಲದಡಿಯ ಪೈಪಿನಲ್ಲಿ ಅದು ಮನೆಮನೆಗೆ ಹೋಗುತ್ತದೆ, ಬಿಸಿ ಬಿಟ್ಟುಕೊಟ್ಟು ತಣ್ಣಗಾಗಿ ವಾಪಸ್ ಬರುತ್ತದೆ. ಡೆನ್ಮಾರ್ಕ್‌ನ ಸುಮಾರು ಮೂರನೇ ಎರಡರಷ್ಟು ಮನೆಗಳು ಹೀಗೇ ಬೆಚ್ಚಗಾಗುತ್ತವೆ. 1973ರ ತೈಲ ಬಿಕ್ಕಟ್ಟಿನ ಪೆಟ್ಟು ತಿಂದ ದೇಶ 1979ರಲ್ಲಿ ಶಾಖ ಪೂರೈಕೆ ಕಾನೂನು ತಂದು ಈ ಜಾಲವನ್ನು ಗಟ್ಟಿಯಾಗಿ ಬೆಳೆಸಿತು.

ಆ ಕಾಲಕ್ಕೆ ಕಲ್ಲಿದ್ದಲು ಸ್ಥಾವರಕ್ಕೂ ಇದಕ್ಕೂ ಒಳ್ಳೆಯ ಜೋಡಿ. ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವಾಗ ಅರ್ಧಕ್ಕಿಂತ ಜಾಸ್ತಿ ಶಕ್ತಿ ಸುಮ್ನೆ ಬಿಸಿಯಾಗಿ ಹೋಗಿಬಿಡುತ್ತದೆ. ಅದನ್ನು ಸಮುದ್ರಕ್ಕೆ ಚೆಲ್ಲುವ ಬದಲು ಊರಿಗೆ ಕೊಟ್ಟರೆ ಇಂಧನ ಉಳಿಯುತ್ತದೆ. ಎಸ್‌ಬ್ಯರ್ಗ್‌ನ ಸ್ಥಾವರ 1992ರಲ್ಲಿ ಶುರುವಾದದ್ದು. ಅದರ ಚಿಮಣಿಯ ಎತ್ತರ 250 ಮೀಟರ್ ಇತ್ತು, ದೇಶದಲ್ಲೇ ಅತಿ ಎತ್ತರದ್ದು. ಊರಿನ ಬಿಸಿಯ ಒಂದು ದೊಡ್ಡ ಪಾಲು ಇಲ್ಲಿಂದ ಬರುತ್ತಿತ್ತು, ಇನ್ನೊಂದು ಪಾಲು ಕಸ ಸುಡುವ ಸ್ಥಾವರದಿಂದ.

ಸ್ಥಾವರದ ಮಾಲೀಕ ಕಂಪನಿ ಓರ್‌ಸ್ಟೆಡ್ 2023ರ ಹೊತ್ತಿಗೆ ಕಲ್ಲಿದ್ದಲು ಬಿಡುವುದಾಗಿ ಘೋಷಿಸಿತ್ತು. ಬಿಸಿನೀರಿನ ಜಾಲ ಮಾತ್ರ ಬೇರೆಯವರದು: ಎಸ್‌ಬ್ಯರ್ಗ್ ಮತ್ತು ಪಕ್ಕದ ವಾರ್ಡೆ ಪುರಸಭೆಗಳ ಒಡೆತನದ ಡಿನ್ ಫೋರ್ಸೂನಿಂಗ್. ಅಂದರೆ ಒಲೆ ಒಬ್ಬರದು, ಪೈಪು ಇನ್ನೊಬ್ಬರದು. ಒಲೆಯವರು ಎದ್ದು ಹೊರಟರು. ಪೈಪಿನವರು ಹೊಸ ಒಲೆ ಹುಡುಕಬೇಕಾಯಿತು.

ಒಂದರ ಜಾಗಕ್ಕೆ ಮೂರು

ಸುದ್ದಿಯಲ್ಲಿ ಬಂದದ್ದೆಲ್ಲ ಸಮುದ್ರದ ಹೀಟ್ ಪಂಪ್, ಅಂದರೆ ಸಮುದ್ರದ ನೀರಿನಿಂದ ಬಿಸಿ ಎಳೆದು ಊರಿಗೆ ಕೊಡುವ ಯಂತ್ರ. ಫೋಟೋದಲ್ಲೂ ಅದೇ. ಆದರೆ ಕಲ್ಲಿದ್ದಲಿನ ಜಾಗಕ್ಕೆ ಬಂದದ್ದು ಮೂರು ಯಂತ್ರಗಳು. ಎರಡು ಘಟಕ ಸೇರಿ 70 ಮೆಗಾವಾಟ್ ಬಿಸಿ ಕೊಡುವ ಹೀಟ್ ಪಂಪ್, 60 ಮೆಗಾವಾಟ್‌ನ ಮರದ ಚೂರಿನ ಬಾಯ್ಲರ್, ಜೊತೆಗೆ 40 ಮೆಗಾವಾಟ್‌ನ ವಿದ್ಯುತ್ ಬಾಯ್ಲರ್. ಕೊನೆಯದು ಚಳಿ ವಿಪರೀತವಾದಾಗ, ಅಥವಾ ಬೇರೆ ಯಾವುದಾದರೂ ಕೈಕೊಟ್ಟಾಗ. ತತ್ವದಲ್ಲಿ ಅದು ನೀರು ಕಾಯಿಸುವ ಕೆಟಲ್‌ನ ದೊಡ್ಡಣ್ಣ, ಅಷ್ಟೆ.

ಈ ಮೂರರ ಜೊತೆಗಾರಿಕೆಯನ್ನು ಬಿಟ್ಟು ಪಂಪನ್ನಷ್ಟೇ ನೋಡಿದರೆ ಪ್ರಕರಣ ಅರ್ಧ ಅರ್ಥವಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ಬರುತ್ತದೆ. ಮೊದಲು ಪಂಪ್ ನೋಡೋಣ.

ಮೂರು ಡಿಗ್ರಿಯ ಸಮುದ್ರದಲ್ಲಿ ಬಿಸಿ ಎಲ್ಲಿಂದ?

ಚಳಿಗಾಲದಲ್ಲಿ ಇಲ್ಲಿನ ಸಮುದ್ರದ ನೀರಿಗೆ ಕೈ ಹಾಕಿದರೆ ಕೈ ಮರಗಟ್ಟುತ್ತದೆ. ಅದರಿಂದ ಮನೆಗೆ 80-90 ಡಿಗ್ರಿಯ ಬಿಸಿನೀರು ಅಂದರೆ ನಂಬೋದು ಕಷ್ಟ, ಅಲ್ವಾ? ಆದರೆ ಫ್ರಿಜ್ ಮಾಡೋದೂ ಇದನ್ನೇ. ಒಳಗಿನ ತಣ್ಣನೆಯ ಜಾಗದಿಂದ ಬಿಸಿ ಕಿತ್ತು ಹಿಂಬದಿಯ ಕೊಳವೆಗೆ ತಳ್ಳುತ್ತದೆ. ಫ್ರಿಜ್‌ನ ಹಿಂದೆ ಕೈ ಇಟ್ಟರೆ ಬೆಚ್ಚಗಿರುತ್ತದೆ. ಎಸ್‌ಬ್ಯರ್ಗ್‌ನಲ್ಲಿ ಫ್ರಿಜ್‌ನ ಒಳಭಾಗ ಸಮುದ್ರ, ಹಿಂಭಾಗ ಊರು.

ಈ ಪಂಪಿಗೆ ಸೆಕೆಂಡಿಗೆ 4,000 ಲೀಟರ್ ಸಮುದ್ರದ ನೀರು ಬೇಕು. ಒಂದು ಒಲಿಂಪಿಕ್ ಈಜುಕೊಳ ಹತ್ತು ನಿಮಿಷದಲ್ಲಿ ಖಾಲಿ. ಇಷ್ಟು ನೀರು ಯಾಕೆ? ಕೈಲೆಕ್ಕ ಹಾಕಿ ನೋಡಿ. ಒಂದು ಯೂನಿಟ್ ಕರೆಂಟ್‌ಗೆ ಮೂರು ಯೂನಿಟ್ ಬಿಸಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಆಗ 70 ಮೆಗಾವಾಟ್ ಬಿಸಿಯಲ್ಲಿ ಸುಮಾರು 23 ಕರೆಂಟ್‌ನಿಂದ ಬಂದದ್ದು, ಉಳಿದ 47 ಸಮುದ್ರದ್ದು. ಸೆಕೆಂಡಿಗೆ 4 ಟನ್ ನೀರಿನಿಂದ 47 ಮೆಗಾವಾಟ್ ಎಳೆದರೆ ಆ ನೀರು 3 ಡಿಗ್ರಿಯ ಹತ್ತಿರ ತಣ್ಣಗಾಗುತ್ತದೆ.

ಈ 3 ಡಿಗ್ರಿಯೇ ವಿನ್ಯಾಸದ ನಾಜೂಕು ಜಾಗ. ಉಪ್ಪುನೀರು ಮಂಜುಗಟ್ಟುವುದು ಮೈನಸ್ 1.9 ಡಿಗ್ರಿಯ ಆಸುಪಾಸಿನಲ್ಲಿ. ಸಮುದ್ರ 2 ಡಿಗ್ರಿ ಇರುವ ದಿನ 3 ಡಿಗ್ರಿ ಕಿತ್ತರೆ ಉಳಿಯೋದು ಮೈನಸ್ 1. ಇನ್ನು ಒಂದು ಡಿಗ್ರಿಯಷ್ಟೇ ಅವಕಾಶ. ಅದೇ ಬಿಸಿಯನ್ನು ಅರ್ಧ ನೀರಿನಿಂದ ತೆಗೆಯೋಣ ಅಂತ ಹೊರಟರೆ ಪಂಪಿನೊಳಗೆ ಐಸ್ ಕಟ್ಟಿಕೊಳ್ಳುತ್ತದೆ. ಹಾಗಾಗಿ ದೊಡ್ಡ ಪೈಪು, ದೊಡ್ಡ ಮೋಟಾರು, ಜಾಸ್ತಿ ನೀರು. ಬೇರೆ ದಾರಿ ಇಲ್ಲ.

ಯಾವ ಅನಿಲ ತುಂಬುವುದು?

ಸಮುದ್ರದಿಂದ ಊರು ಕಾಯಿಸಿದ ಮೊದಲಿಗರು ಎಸ್‌ಬ್ಯರ್ಗ್‌ನವರಲ್ಲ. ಸ್ಟಾಕ್‌ಹೋಮ್‌ನ ರೋಪ್ಸ್‌ಟೆನ್‌ನಲ್ಲಿ 1980ರ ದಶಕದಿಂದಲೇ 180 ಮೆಗಾವಾಟ್‌ನ ಹೀಟ್ ಪಂಪುಗಳು ಬಾಲ್ಟಿಕ್ ಸಮುದ್ರದ ನೀರಿನಿಂದ ಓಡುತ್ತಿವೆ. ಆಗ ಸ್ವೀಡನ್‌ನಲ್ಲಿ ಅಣುವಿದ್ಯುತ್ ಅಗ್ಗವಾಗಿ, ಬೇಕಾದಷ್ಟು ಸಿಗುತ್ತಿತ್ತು. ಹೊಸ ತಂತ್ರಜ್ಞಾನ ಅಂತ ಈಗ ಹೇಳುವವರಿಗೆ ನಲವತ್ತು ವರ್ಷದ ಈ ಯಂತ್ರಗಳನ್ನು ತೋರಿಸಬೇಕು.

ಬದಲಾದದ್ದು ಒಳಗಿನ ಅನಿಲ, ಅಂದರೆ ಪಂಪಿನೊಳಗೆ ಸುತ್ತುತ್ತಾ ಬಿಸಿ ಹೊತ್ತು ತರುವ ವಸ್ತು. ಸ್ಟಾಕ್‌ಹೋಮ್‌ನಲ್ಲಿ ಮೊದಲು ಆರ್-22 ಇತ್ತು. ಅದು ಓಜೋನ್ ಪದರಕ್ಕೆ ಕೆಟ್ಟದ್ದು. ಆಮೇಲೆ ಆರ್-134ಎ ಬಂತು. ಓಜೋನ್‌ಗೆ ತೊಂದರೆ ಇಲ್ಲ, ಆದರೆ ಒಂದು ಕಿಲೋ ಸೋರಿದರೆ 1,400 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟೇ ಭೂಮಿ ಬಿಸಿಯಾಗುತ್ತದೆ. ಹೊಗೆ ಕಡಿಮೆ ಮಾಡಲು ಹೊರಟ ಯಂತ್ರದ ಹೊಟ್ಟೆಯಲ್ಲಿ ಇಂಥದ್ದು ಟನ್‌ಗಟ್ಟಲೆ ಇದ್ದರೆ ಹೇಗೆ? ಅಮೋನಿಯ ಇನ್ನೊಂದು ದಾರಿ. ನಾರ್ವೆಯ ಡ್ರಾಮೆನ್ ಪಟ್ಟಣ 2011ರಿಂದ ಅದನ್ನೇ ಬಳಸಿ ಫ್ಯೋರ್ಡಿನ (ನೆಲದೊಳಗೆ ಚಾಚಿದ ಸಮುದ್ರದ ಕವಲು) ನೀರಿನಿಂದ 90 ಡಿಗ್ರಿ ತೆಗೆಯುತ್ತಿದೆ. ಹವಾಮಾನಕ್ಕೆ ಅದರಿಂದ ಕೇಡಿಲ್ಲ. ಆದರೆ ವಿಷ. ಸೋರಿದರೆ ಮನುಷ್ಯರಿಗೂ ಅಪಾಯ, ಮೀನಿಗೂ ಅಪಾಯ.

ಎಸ್‌ಬ್ಯರ್ಗ್‌ನ ಬಾಗಿಲಲ್ಲೇ ಇರುವುದು ವಾಡನ್ ಸಮುದ್ರ. ನೀರು ಇಳಿದಾಗ ಮೈಲಿಗಟ್ಟಲೆ ಕೆಸರು ಬಯಲಾಗುವ ಜಾಗ. ಲಕ್ಷಾಂತರ ವಲಸೆ ಹಕ್ಕಿಗಳು ಅಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಂಡು ಮುಂದಕ್ಕೆ ಹಾರುತ್ತವೆ. ಅದರ ಡೆನ್ಮಾರ್ಕ್ ಭಾಗ 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇಂಥ ನೀರಿನ ಪಕ್ಕದಲ್ಲಿ ವಿಷದ ಅನಿಲ ಇಡುವುದು ಯಾರಿಗೂ ಇಷ್ಟವಾಗುವ ಮಾತಲ್ಲ.

ಕೊನೆಗೆ ಆಯ್ಕೆಯಾದದ್ದು ಕಾರ್ಬನ್ ಡೈಆಕ್ಸೈಡ್! ಯಾವುದರ ವಿರುದ್ಧ ಹೋರಾಟವೋ ಅದನ್ನೇ ಕೆಲಸಕ್ಕೆ ಹಚ್ಚಿದರು. ಉರಿಯುವುದಿಲ್ಲ, ಸೋರಿದರೆ ನೀರಿಗೆ ವಿಷವಾಗುವುದಿಲ್ಲ, ಹವಾಮಾನದ ಲೆಕ್ಕದಲ್ಲಿ ಒಂದು ಕಿಲೋ ಅಂದರೆ ಒಂದೇ ಕಿಲೋ. ತೊಂದರೆ ಇರೋದು ಒತ್ತಡದಲ್ಲಿ. ಊರಿಗೆ ಬೇಕಾದಷ್ಟು ಬಿಸಿ ಮಾಡಲು ಅದನ್ನು ನೂರು ಬಾರ್‌ಗೂ ಮೇಲೆ ಒತ್ತಬೇಕು. ಕಾರಿನ ಚಕ್ರದಲ್ಲಿ ಇರೋದು ಎರಡು ಚಿಲ್ಲರೆ ಬಾರ್.

ಅಷ್ಟು ಒತ್ತುವ ಕಂಪ್ರೆಸರ್ ಬಂದ ದಾರಿ ತಮಾಷೆಯಾಗಿದೆ. ಪಂಪ್ ಮಾಡಿಕೊಟ್ಟದ್ದು ಮಾನ್ ಎನರ್ಜಿ ಸೊಲ್ಯೂಷನ್ಸ್. ಈಗ ಆ ಕಂಪನಿಯ ಹೆಸರು ಎವರ್‌ಲೆನ್ಸ್. ಅವರ ಈ ಬಗೆಯ ಕಂಪ್ರೆಸರ್‌ಗೆ ಎಣ್ಣೆ ಬೇಡ, ತಿರುಗುವ ದಂಡ ಅಯಸ್ಕಾಂತದ ಬಲದಲ್ಲಿ ತೇಲುತ್ತದೆ, ಎಲ್ಲ ಕಡೆ ಮುಚ್ಚಿದ ಡಬ್ಬಿ. ಯಾರೂ ಹೋಗಿ ರಿಪೇರಿ ಮಾಡಲಾಗದ ಕಡೆಗೆ ಹೇಳಿಮಾಡಿಸಿದ ಯಂತ್ರ. 2015ರಲ್ಲಿ ಇದೇ ಜಾತಿಯ ಯಂತ್ರವನ್ನು ನಾರ್ವೆಯ ಓಸ್ಗಾರ್ಡ್ ಗ್ಯಾಸ್ ನಿಕ್ಷೇಪದಲ್ಲಿ ಸಮುದ್ರದ ತಳದಲ್ಲಿ ಕೂರಿಸಿದ್ದರು. ನೆಲದಿಂದ ಗ್ಯಾಸ್ ಹಿಂಡಲು ಕಲಿತ ಕೈಗಾರಿಕೆ ಈಗ ಅದೇ ಯಂತ್ರದಿಂದ ಸಮುದ್ರದ ಬಿಸಿ ಹಿಂಡುತ್ತಿದೆ.

ಎಲ್ಲ ನಿಂತಿರುವುದು ವಾಪಸ್ ಬರುವ ನೀರಿನ ಮೇಲೆ

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಯಾರೂ ಫೋಟೋ ತೆಗೆಯದ ಭಾಗ.

ಜಾಲದ ಎಂಜಿನಿಯರುಗಳು ಎರಡು ಸಂಖ್ಯೆ ನೋಡುತ್ತಾರೆ. ಹೋಗುವ ನೀರು ಎಷ್ಟು ಬಿಸಿ, ವಾಪಸ್ ಬರುವ ನೀರು ಎಷ್ಟು ತಣ್ಣಗೆ. ನಮಗೆಲ್ಲ ಮೊದಲನೆಯದೇ ಮುಖ್ಯ ಅನಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಪಂಪಿಗೆ ಎರಡನೆಯದೇ ಪ್ರಾಣ.

ಕಾರಣ ಆ ಅನಿಲದ ಸ್ವಭಾವ. ಅಮೋನಿಯದಂಥವು ಬಿಸಿ ಬಿಟ್ಟುಕೊಡುವಾಗ ಒಂದೇ ಉಷ್ಣತೆಯಲ್ಲಿ ನಿಂತು ಆವಿಯಿಂದ ದ್ರವವಾಗುತ್ತವೆ. ಕಾರ್ಬನ್ ಡೈಆಕ್ಸೈಡ್ 31 ಡಿಗ್ರಿ ದಾಟಿದರೆ ಎಷ್ಟು ಒತ್ತಿದರೂ ದ್ರವವಾಗದು. ಅದು ನೂರು ಡಿಗ್ರಿಗೂ ಮೇಲಿನಿಂದ ಮೆಟ್ಟಿಲು ಇಳಿದ ಹಾಗೆ ತಣ್ಣಗಾಗುತ್ತಾ ಬರುತ್ತದೆ. ಆ ದಾರಿಯುದ್ದಕ್ಕೂ ಎದುರಿನಿಂದ ಬರುವ ಊರಿನ ನೀರಿಗೆ ಬಿಸಿ ದಾಟಿಸುತ್ತದೆ. ಊರಿನ ನೀರು 35-40 ಡಿಗ್ರಿಯಲ್ಲಿ ವಾಪಸ್ ಬಂದರೆ ಅನಿಲ ಕೊನೆಯ ಮೆಟ್ಟಿಲವರೆಗೂ ಇಳಿಯುತ್ತದೆ. 55 ಡಿಗ್ರಿಯಲ್ಲಿ ಬಂದರೆ ನಡುವೆಯೇ ನಿಂತುಬಿಡುತ್ತದೆ. ಸಿಗುವ ಬಿಸಿ ಕಡಿಮೆ, ಕಂಪ್ರೆಸರ್ ತಿನ್ನುವ ಕರೆಂಟ್ ಮಾತ್ರ ಮೊದಲಿನಷ್ಟೇ.

ಹಾಗಾದರೆ ವಾಪಸ್ ನೀರನ್ನು ತಣ್ಣಗೆ ಮಾಡುವವರು ಯಾರು? ಮನೆಯವರು. ಕಿಟಕಿ ಕೆಳಗಿನ ಒಂದು ರೇಡಿಯೇಟರ್, ಅಂದರೆ ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗೆ ಮಾಡುವ ಪೆಟ್ಟಿಗೆ, ನೆನೆಸಿಕೊಳ್ಳಿ. ಅದರ ವಾಲ್ವ್ ಕೆಟ್ಟು ಪೂರ್ತಿ ತೆರೆದೇ ಇದೆ. ಬಿಸಿನೀರು ಒಳಗೆ ನುಗ್ಗಿ, ಬಿಸಿ ಬಿಡಲು ಪುರುಸೊತ್ತೇ ಇಲ್ಲದೆ ಹಾಗೇ ಹೊರಗೆ ಓಡುತ್ತದೆ. ಕೋಣೆ ಬೆಚ್ಚಗೇ ಇರುವುದರಿಂದ ಮನೆಯವರಿಗೆ ಏನೂ ಗೊತ್ತಾಗದು. ಆದರೆ ಕೆಳಗಿನ ಪೈಪನ್ನು ಮುಟ್ಟಿದರೆ ಕೈ ಸುಡುತ್ತದೆ. ಆ ಪೈಪು ಉಗುರುಬೆಚ್ಚಗೆ ಇರಬೇಕಿತ್ತು. ಇಂಥ ಸಾವಿರ ವಾಲ್ವ್ ಸೇರಿದರೆ ಬಂದರಿನಲ್ಲಿರುವ ಕೋಟಿಗಟ್ಟಲೆಯ ಯಂತ್ರ ಏದುಸಿರು ಬಿಡುತ್ತದೆ.

ಡೆನ್ಮಾರ್ಕ್‌ನ ಹಲವು ಜಾಲಗಳು ಇದನ್ನು ಬಿಲ್‌ನಲ್ಲೇ ಹಿಡಿಯುತ್ತವೆ. ನೀರನ್ನು ಚೆನ್ನಾಗಿ ತಣ್ಣಗೆ ಮಾಡಿ ಕಳಿಸಿದವರಿಗೆ ರಿಯಾಯಿತಿ, ಬಿಸಿಯಾಗೇ ಕಳಿಸಿದವರಿಗೆ ಹೆಚ್ಚುವರಿ. ಮೀಟರ್ ಎರಡೂ ಉಷ್ಣತೆಯನ್ನು ಬರೆದುಕೊಳ್ಳುತ್ತದೆ. ಹೀಗೆ ವರ್ಷಗಟ್ಟಲೆ ತಿದ್ದಿಕೊಂಡು ಬಂದ ದೇಶದ ಊರಿಗೆ ಈ ಪಂಪ್ ಬಂತು. 110-120 ಡಿಗ್ರಿಯ ನೀರು ಓಡಿಸುವ ಹಳೆಯ ಜಾಲಗಳಿಗೆ ಇದೇ ಪಂಪನ್ನು ತಂದು ಜೋಡಿಸಿದರೆ ಇದೇ ಫಲ ಸಿಗುವುದಿಲ್ಲ. ಅಲ್ಲಿ ಮೊದಲ ಖರ್ಚು ಮನೆಗಳೊಳಗೆ ಆಗಬೇಕು.

ಕರೆಂಟ್, ಗಾಳಿ, ತೆರಿಗೆ

ಮೂರು ಯಂತ್ರ ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಪಶ್ಚಿಮ ಡೆನ್ಮಾರ್ಕ್‌ನಲ್ಲಿ ಬಿರುಗಾಳಿ ಬೀಸಿದ ರಾತ್ರಿ ಕರೆಂಟ್ ದರ ಸೊನ್ನೆಗೆ ಇಳಿಯುತ್ತದೆ, ಕೆಲವು ಗಂಟೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಆಗ ಪಂಪ್ ಪೂರ್ತಿ ಓಡಿಸಬಹುದು. ತೀರಾ ಅಗ್ಗವಾದರೆ ವಿದ್ಯುತ್ ಬಾಯ್ಲರ್ ಕೂಡ. ಗಾಳಿ ಸತ್ತು ದರ ಏರಿದ ವಾರ ಮರದ ಚೂರಿನ ಬಾಯ್ಲರ್ ಕಡೆ ವಾಲಬಹುದು. ಊರಿನ ಬಿಸಿನೀರಿಗೆ ಒಂದೆರಡು ಗಂಟೆ ಆಚೀಚೆಯಾದರೆ ಯಾರಿಗೂ ಗೊತ್ತಾಗದು. ಕರೆಂಟ್ ದೀಪಕ್ಕೆ ಆ ಸೌಕರ್ಯ ಇಲ್ಲ.

ಆದರೆ ಇಷ್ಟು ಗಾಳಿ ಇದ್ದೂ ಡೆನ್ಮಾರ್ಕ್‌ನಲ್ಲಿ ದೊಡ್ಡ ಹೀಟ್ ಪಂಪುಗಳು ಬಹಳ ಕಾಲ ಏಳಲೇ ಇಲ್ಲ. ಅಡ್ಡಿಯಾಗಿದ್ದದ್ದು ತೆರಿಗೆ. ಬಿಸಿ ಮಾಡಲು ಬಳಸುವ ಕರೆಂಟ್‌ಗೆ ಯೂನಿಟ್‌ಗೆ ಸುಮಾರು 15 ಓರೆ ತೆರಿಗೆ ಇತ್ತು. 100 ಓರೆ ಅಂದರೆ ಒಂದು ಕ್ರೋನ್. ಮರ ಸುಟ್ಟರೆ ಮಾತ್ರ ಇಂಥ ತೆರಿಗೆ ಇರಲಿಲ್ಲ. 2021ರಲ್ಲಿ ಇಂಥ ಕಂಪನಿಗಳಿಗೆ ಅದನ್ನು 0.4 ಓರೆಗೆ ಇಳಿಸಿದರು.

ಇದನ್ನು ಎಸ್‌ಬ್ಯರ್ಗ್‌ಗೆ ಹಾಕಿ ನೋಡಿ. ಪಂಪು ವರ್ಷಕ್ಕೆ 2,80,000 ಮೆಗಾವಾಟ್-ಗಂಟೆ ಬಿಸಿ ಕೊಡಬೇಕೆಂಬ ಲೆಕ್ಕ, ಸುಮಾರು 25,000 ಮನೆಗಳಿಗೆ. ಅದಕ್ಕೆ ಮೂರನೇ ಒಂದರಷ್ಟು ಕರೆಂಟ್ ಬೇಕು, ಅಂದರೆ 93,000 ಮೆಗಾವಾಟ್-ಗಂಟೆ. ಹಳೆಯ ತೆರಿಗೆಯಲ್ಲಿ ವರ್ಷಕ್ಕೆ ಸುಮಾರು 1 ಕೋಟಿ 40 ಲಕ್ಷ ಕ್ರೋನ್. ಹೊಸದರಲ್ಲಿ 4 ಲಕ್ಷದೊಳಗೆ. ಅದಕ್ಕಿಂತ ಮುಂಚೆ ಮರದ ಬಾಯ್ಲರುಗಳೇ ಎಲ್ಲೆಡೆ ಎದ್ದದ್ದರಲ್ಲಿ ಆಶ್ಚರ್ಯ ಏನಿದೆ? ಡೆನ್ಮಾರ್ಕ್‌ನಲ್ಲಿ ಬಿಸಿ ಮಾರುವವರು ಲಾಭ ಮಾಡುವಂತಿಲ್ಲ, ಖರ್ಚಿಗೆ ತಕ್ಕ ದರ ಅಷ್ಟೇ. ಹಾಗಾಗಿ ಒಂದೊಂದು ಓರೆಯೂ ನೇರ ಮನೆಯವರ ಬಿಲ್‌ಗೆ ಹೋಗಿ ಕೂರುತ್ತದೆ.

ಹೊಗೆ ನಿಜಕ್ಕೂ ಎಷ್ಟು ಕಡಿಮೆಯಾಯಿತು?

ಪಂಪಿನಿಂದ ವರ್ಷಕ್ಕೆ ಲಕ್ಷ ಟನ್‌ನ ಆಸುಪಾಸು ಕಾರ್ಬನ್ ಡೈಆಕ್ಸೈಡ್ ಉಳಿಯುತ್ತದೆ ಎಂದು ಹೇಳಲಾಗುತ್ತದೆ. ನಂಬಬಹುದೇ? ಒಂದು ಮೆಗಾವಾಟ್-ಗಂಟೆಯಷ್ಟು ಕಲ್ಲಿದ್ದಲು ಸುಟ್ಟರೆ ಸುಮಾರು 0.34 ಟನ್ ಬರುತ್ತದೆ. ಬಾಯ್ಲರ್‌ನ ನಷ್ಟ ಸೇರಿಸಿದರೆ ಬಿಸಿಯ ಪ್ರತಿ ಮೆಗಾವಾಟ್-ಗಂಟೆಗೆ 0.38 ಟನ್. 2,80,000ದಿಂದ ಗುಣಿಸಿದರೆ 1,06,000 ಟನ್. ಸರಿಹೋಯಿತು.

ಆದರೆ ಇದರಲ್ಲಿ ಒಂದು ಜಾಣತನ ಅಡಗಿದೆ. ಹಳೆಯ ಸ್ಥಾವರ ಬಿಸಿಗಾಗಿಯೇ ಕಲ್ಲಿದ್ದಲು ಸುಡುತ್ತಿರಲಿಲ್ಲ, ಕರೆಂಟನ್ನೂ ಮಾಡುತ್ತಿತ್ತು. ಅದರ ಹೊಗೆಯಲ್ಲಿ ಬಿಸಿಯ ಪಾಲೆಷ್ಟು, ಕರೆಂಟ್‌ನ ಪಾಲೆಷ್ಟು? ಹೇಗೆ ಹಂಚುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಬಿಸಿಯನ್ನು ಉಳಿಕೆ ಮಾಲು ಅಂದುಕೊಂಡರೆ ಅದರ ಪಾಲು ಇದಕ್ಕಿಂತ ಎಷ್ಟೋ ಕಡಿಮೆ.

ಇನ್ನೊಂದು ಕಡೆ ಪಂಪು ತಿನ್ನುವ ಕರೆಂಟ್. ಪ್ರತಿ ಯೂನಿಟ್‌ಗೆ 100 ಗ್ರಾಂ ಹೊಗೆಯ ಗ್ರಿಡ್ ಆದರೆ ವರ್ಷಕ್ಕೆ 9,300 ಟನ್. ಪರವಾಗಿಲ್ಲ. ಅದೇ ಕರೆಂಟ್ ಪೂರ್ತಿ ಕಲ್ಲಿದ್ದಲಿನಿಂದ ಬಂದರೆ 80,000 ಟನ್ ಆಗುತ್ತದೆ, ಉಳಿತಾಯದ ಮುಕ್ಕಾಲು ಪಾಲು ಅಲ್ಲೇ ಹೋಯಿತು. ಬಂದರಿನ ಯಂತ್ರ ಎರಡೂ ಲೆಕ್ಕದಲ್ಲಿ ಒಂದೇ. ಚಿಮಣಿ ಬೇರೆ ಊರಿಗೆ ಹೋಗಿರುತ್ತದೆ, ಅಷ್ಟೆ. ಎಸ್‌ಬ್ಯರ್ಗ್‌ನಲ್ಲಿ ಹಾಗಾಗದೆ ಇರುವುದು ಅಲ್ಲಿನ ಗಾಳಿಯಿಂದ.

ಮರದ ಚೂರಿನ 60 ಮೆಗಾವಾಟ್‌ನದು ಬೇರೆಯೇ ತಕರಾರು. ಕಾಗದದಲ್ಲಿ ಅದರ ಹೊಗೆ ಸೊನ್ನೆ, ಯಾಕೆಂದರೆ ಮರ ಮತ್ತೆ ಬೆಳೆಯುತ್ತದೆ ಎಂಬ ವಾದ. ಬಾಯ್ಲರ್‌ನಿಂದ ಹೊಗೆ ಬರುವುದು ಇವತ್ತು. ಮರ ಬೆಳೆಯಲು ಹಲವು ದಶಕ. ಈ ನಡುವಿನ ಸಾಲವನ್ನು ಯಾರ ಖಾತೆಗೆ ಬರೆಯಬೇಕು ಅನ್ನುವ ಜಗಳ ಯುರೋಪಿನಲ್ಲಿ ಇನ್ನೂ ಮುಗಿದಿಲ್ಲ. ನನಗಂತೂ ಆ ಸೊನ್ನೆ ಒಪ್ಪಿಗೆಯಾಗಿಲ್ಲ. ಪಂಪ್ ಜಾಸ್ತಿ ಓಡಿದಷ್ಟೂ ಆ ಬಾಯ್ಲರ್‌ಗೆ ಕೆಲಸ ಕಡಿಮೆಯಾಗುತ್ತದೆ ಅನ್ನುವುದೊಂದು ಸಮಾಧಾನ.

ತಡವಾದದ್ದು

ಪಂಪ್‌ನ ಒಪ್ಪಂದ 2021ರಲ್ಲಿ ಆಯಿತು. 2023ರ ವಸಂತಕ್ಕೆ ಕಲ್ಲಿದ್ದಲು ನಿಂತು ಪಂಪ್ ಜಾಗಕ್ಕೆ ಬರಬೇಕಿತ್ತು. ಬರಲಿಲ್ಲ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧಕ್ಕೆ ಹೋಯಿತು, ಯುರೋಪಿನಲ್ಲಿ ಗ್ಯಾಸ್‌ಗೆ ಹಾಹಾಕಾರ. ಆ ಅಕ್ಟೋಬರ್‌ನಲ್ಲಿ ಡೆನ್ಮಾರ್ಕ್ ಸರ್ಕಾರ, ಎಸ್‌ಬ್ಯರ್ಗ್‌ನ ಕಲ್ಲಿದ್ದಲು ಘಟಕವನ್ನು 2024ರ ಜೂನ್ 30ರವರೆಗೆ ಓಡಿಸಲೇಬೇಕು ಎಂದು ಆದೇಶ ಕೊಟ್ಟಿತು. ಕರೆಂಟ್‌ಗಾಗಿ ಹೊರಟ ಆದೇಶ ಅದು. ಹೊಸ ಯಂತ್ರ ಇನ್ನೂ ಸಿದ್ಧವಾಗದ ಪೈಪಿನವರಿಗೂ ಅದರಿಂದ ಉಸಿರಾಡಲು ಸಮಯ ಸಿಕ್ಕಿತು. ಇಷ್ಟು ದೊಡ್ಡ ಕಾರ್ಬನ್ ಡೈಆಕ್ಸೈಡ್ ಪಂಪನ್ನು ಹಿಂದೆ ಯಾರೂ ಕಟ್ಟಿರಲಿಲ್ಲ. ಹೊಸ ಯಂತ್ರಕ್ಕೆ ಹಳೆಯ ಒಲೆ ನಂದಿಸುವ ದಿನಾಂಕವನ್ನು ಅಷ್ಟು ಬಿಗಿಯಾಗಿ ಕಟ್ಟಿಹಾಕಿದ್ದು ಸರಿಯಲ್ಲ ಅನಿಸುತ್ತದೆ. ಯುದ್ಧ ಇಲ್ಲದಿದ್ದರೆ ಆ ಚಳಿಗಾಲ ತಾತ್ಕಾಲಿಕ ಬಾಯ್ಲರುಗಳ ಮೇಲೆ ಕಳೆಯಬೇಕಾಗುತ್ತಿತ್ತು.

2024ರ ಆಗಸ್ಟ್ ಕೊನೆಯಲ್ಲಿ ಕಲ್ಲಿದ್ದಲು ಸ್ಥಾವರ ನಿಂತಿತು. ಓರ್‌ಸ್ಟೆಡ್‌ನ ಕೊನೆಯ ಕಲ್ಲಿದ್ದಲು ಸ್ಥಾವರ ಅದೇ.

ಉತ್ತರದ ಆಲ್ಬೋರ್ಗ್ ನಗರ ಈಗ ಇದೇ ದಾರಿ ಹಿಡಿದಿದೆ. ಅಲ್ಲೂ ಕಲ್ಲಿದ್ದಲು ಬಿಡಬೇಕು, ಅಲ್ಲೂ ನೀರು ಪಕ್ಕದಲ್ಲೇ ಇದೆ. ಪಂಪು ಅದೇ ಕಂಪನಿಯದು, ಗಾತ್ರ ಮಾತ್ರ ಎರಡೂವರೆ ಪಟ್ಟು: 177 ಮೆಗಾವಾಟ್.